ಪಕ್ಕದ ಮನೆಯ ಡಿಪ್ರೆಶನ್

ಡಿಪ್ರೆಶನ್ ಎಂಬ ಮಾತಿಗೆ ನನಗೆ ಗೊತ್ತಿದ್ದುದು ಎರಡೇ ಅರ್ಥ. ಒಂದು, ಬಂಗಾಳ ಕೊಲ್ಲಿಯಲ್ಲಿ ಆಗುವಂಥದ್ದು. ಅದು ಆದರೆ ಮೈಸೂರಿನಲ್ಲಿ ಬಟ್ಟೆ ಒಣಗುವುದಿಲ್ಲ, ನಾನು ಹೊಸೆದಿಟ್ಟ ಊದುಬತ್ತಿಯೂ ಒಣಗುವುದಿಲ್ಲ. ಇನ್ನೊಂದು, ಮನುಷ್ಯರಿಗೆ ಆಗುವಂಥದ್ದು. ನಮ್ಮ ಕಾಲದಲ್ಲಿ ಅದಕ್ಕೆ ಮಂಕು ಹಿಡಿದಿದೆ ಅನ್ನುತ್ತಿದ್ದೆವು. ಈಗ ಫೋನಿನಲ್ಲಿ ಯಾರನ್ನು ಮಾತಾಡಿಸಿದರೂ ಅವರ ಮನೆಯಲ್ಲಿ ಒಬ್ಬರಿಗಾದರೂ ಇರುತ್ತದೆ. ಇದಕ್ಕೆ ಮೂರನೆಯ ಅರ್ಥವೂ ಇದೆ ಎಂದು ತಿಳಿಯುವುದಕ್ಕೆ ನಾನು ಎಪ್ಪತ್ತು ದಾಟಿ, ಹ್ಯೂಸ್ಟನ್ನಿಗೆ ಬಂದು, ಪಕ್ಕದ ಮನೆಯ ಮುದುಕಿಯ ನೆತ್ತಿಗೆ ಹರಳೆಣ್ಣೆ ತಟ್ಟಬೇಕಾಯಿತು.

ನಾವು ಮೊದಲು ಡಲ್ಲಾಸ್ ಕಡೆ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾವು ಅಂದರೆ ಮಗಳು, ಅಳಿಯ, ಮೊಮ್ಮಗಳು, ನಾನು. ಅಳಿಯನಿಗೆ ಹ್ಯೂಸ್ಟನ್ ಬಂದರಿಗೆ ಬರುವ ಕಂಟೈನರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿ ಇಲ್ಲಿಗೆ ಶಿಫ್ಟ್ ಆದೆವು. ಬಂದರಿನ ಕೆಲಸ ಎಂದಮೇಲೆ ದಿನಾ ಹಡಗು ನೋಡುತ್ತಾನೆ ಎಂದುಕೊಂಡಿದ್ದೆ. ಅವನು ಬೆಳಗಿನಿಂದ ಸಂಜೆವರೆಗೆ ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿರುತ್ತಾನೆ. ಅವನ ಕಣ್ಣಿಗೆ ಬೀಳುವುದು ನಮ್ಮ ಹಿತ್ತಲಿನ ಅಳಿಲು.

ಪಕ್ಕದ ಮನೆಯಲ್ಲಿ ಇಬ್ಬರು ಮುದುಕಿಯರು. ತಾಯಿ ಮತ್ತು ಮಗಳು. ಮಗಳಿಗೇ ನನ್ನ ವಯಸ್ಸು. ತಾಯಿಗೆ ತೊಂಬತ್ತೇಳು. ವಾಕರ್ ಹಿಡಿದುಕೊಂಡು ಬೇಲಿಯವರೆಗೆ ಬರುತ್ತಾರೆ, ಬಂದ ಮೇಲೆ ಬೇಲಿಯ ಈಚೆ ಏನೇನಿದೆ ಎಂದು ಪೂರ್ತಿ ನೋಡಿಕೊಂಡೇ ಹೋಗುತ್ತಾರೆ. ಕಾಲು ನಿಧಾನ, ನಾಲಿಗೆ ಜೋರು. ಹುಟ್ಟಿ ಬೆಳೆದದ್ದು ಇದೇ ಊರಿನ ಬಂದರಿನ ಪಕ್ಕದ ಬೀದಿಯಲ್ಲಂತೆ. ನಾನು ಅವರನ್ನು ದೊಡ್ಡಮ್ಮ ಎಂದು ಕರೆದೆ. ಅವರು ಅದನ್ನು 'ಡೋಡಮ್ಮ' ಮಾಡಿಕೊಂಡು, ಅದು ನನ್ನ ಹೆಸರು ಎಂದು ತಿಳಿದು, ನನ್ನನ್ನೇ ಹಾಗೆ ಕರೆಯತೊಡಗಿದರು. ತಿದ್ದಲು ನನ್ನ ಇಂಗ್ಲಿಷ್ ಸಾಲಲಿಲ್ಲ. ನನಗೆ ಬರುವುದು ಗುಡ್, ನೋ ಗುಡ್, ಈಟ್, ಸಿಟ್, ಟೂ ಮಚ್. ಇಷ್ಟರಲ್ಲಿ ಅಮೆರಿಕದಲ್ಲಿ ಬಹಳ ದೂರ ಹೋಗಬಹುದು.

ಮೊಮ್ಮಗಳಿಗೆ ಹದಿಮೂರು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ನನಗೆ ಅರ್ಥವಾಗದಿದ್ದರೆ ಅವರಮ್ಮನ ಕಡೆ ನೋಡುತ್ತಾಳೆ. ಹೊಸ ಶಾಲೆ, ಸ್ನೇಹಿತರು ಇರಲಿಲ್ಲ. ಆ ವರ್ಷ ರಾಜ್ಯದ ರಾಜಧಾನಿ ಆಸ್ಟಿನ್ನಿನಲ್ಲಿ ಶಾಲಾಮಕ್ಕಳಿಗೆ ಒಂದು ಸ್ಪರ್ಧೆ. ನಿಮ್ಮ ಊರಿನ ಹಳೆಯ ಕಾಲವನ್ನು ಕಂಡವರೊಬ್ಬರನ್ನು ಮಾತಾಡಿಸಿ, ಬಂದು ಹೇಳಬೇಕು. ಶಾಲೆಗೆ ಒಬ್ಬರೇ. ಇವಳು ಕ್ಲಾಸಿನಲ್ಲಿ ಎದ್ದು ನಿಂತು, ಡಿಪ್ರೆಶನ್ ಕಾಲದಲ್ಲಿ ಇಲ್ಲಿನ ಬಂದರಿನಲ್ಲಿ ಬೆಳೆದವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ ಎಂದುಬಿಟ್ಟಳು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಆ ಕಾಲದವರು ಯಾರೂ ಬದುಕಿಲ್ಲ, ನೀನು ಸುಳ್ಳು ಹೇಳುತ್ತಿದ್ದೀಯ ಎಂದಳಂತೆ. ಟೀಚರು ಇವಳನ್ನೇ ಆರಿಸಿದರು. ಹಾಗಾಗಿ ಈಗ ಇವಳ ಬಾಯಿಂದ ಬಂದ ಮಾತು ನಿಜ ಎಂದು ತೋರಿಸಬೇಕಿತ್ತು.

ಫೋನು ಹಿಡಿದುಕೊಂಡು ಪಕ್ಕದ ಮನೆಗೆ ಹೋದವಳು ಹೋದ ಹಾಗೇ ವಾಪಸು ಬಂದಳು. ಮೂಗು ಕೆಂಪಗಾಗಿತ್ತು.

"ಏನಂದ್ರೇ?"

"ಶಿ ಸೆಡ್ ನೋ. ಹೇಳಕ್ಕೆ ಏನೂ ಇಲ್ವಂತೆ."

"ಯಾಕಂತೆ?"

"ಶಿ ವಾಸ್ ಇನ್ ದ ಡಿಪ್ರೆಶನ್, ಅಜ್ಜಿ. ಅದ್ರ ಬಗ್ಗೆ ಟಾಕ್ ಮಾಡಲ್ಲ ಅಂದ್ರು."

"ಅಯ್ಯೋ ಪಾಪ. ಎಷ್ಟು ದಿನ ಇತ್ತು?"

"ಟೆನ್ ಇಯರ್ಸ್!"

"ಹತ್ತು ವರ್ಷಾನಾ! ಅವ್ರೊಬ್ರಿಗೇನಾ?"

"ನೋ ಅಜ್ಜಿ, ಎವ್ರಿಬಡಿ. ದ ಹೋಲ್ ಸಿಟಿ."

ಇಡೀ ಊರಿಗೇ ಮಂಕು ಹಿಡಿದಿತ್ತು ಎಂದರೆ ನೀರಿನಲ್ಲೇ ಏನೋ ಇದ್ದಿರಬೇಕು ಎಂದುಕೊಂಡೆ. ಬಂದರು ಬೇರೆ. ಎಲ್ಲೆಲ್ಲಿಂದಲೋ ಹಡಗು ಬರುತ್ತದೆ, ಏನೇನೋ ಹೊತ್ತು ತರುತ್ತದೆ.

ಮಂಕಿಗೆ ನಮ್ಮ ಬೀದಿಯಲ್ಲಿ ಒಂದೇ ಮದ್ದು. ತಲೆ ಕಾದಿರುತ್ತದೆ, ಹರಳೆಣ್ಣೆ ತಟ್ಟಬೇಕು. ಮರುದಿನ ಎಲ್ಲರೂ ಅವರವರ ಕೆಲಸಕ್ಕೆ ಹೋದ ಮೇಲೆ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಪಕ್ಕದ ಹಿತ್ತಲಿಗೆ ಹೋದೆ. ದೊಡ್ಡಮ್ಮ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದೆ. ಮೂಸಿ ನೋಡಿದ್ದೇ, "ಕ್ಯಾಸ್ಟರ್ ಆಯಿಲ್!" ಎಂದು ಕಿರುಚಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣು ಐದು ವರ್ಷದ ಮಗುವಿನದಾಗಿತ್ತು. ಆಮೇಲೆ ಗೊತ್ತಾಯಿತು, ಅವರಮ್ಮನೂ ನಮ್ಮಮ್ಮನ ಹಾಗೆ ಮೂಗು ಹಿಡಿದು ಚಮಚದಲ್ಲಿ ಕುಡಿಸುತ್ತಿದ್ದರಂತೆ. ಹೊಟ್ಟೆ ನೋವಿಗೂ ಅದೇ, ನೆಗಡಿಗೂ ಅದೇ, ಸುಳ್ಳು ಹೇಳಿದರೂ ಅದೇ.

"ನೋ ಈಟ್," ಎಂದೆ. "ಹೆಡ್. ಹಾಟ್ ಹೆಡ್. ಗುಡ್." ಅವರು ಹೂಂ ಅನ್ನುವ ಮುಂಚೆಯೇ ನೆತ್ತಿಗೆ ಒಂದು ಕೈ ಎಣ್ಣೆ ಹಾಕಿ ತಟ್ಟಿದೆ. ಮೊದಲು ಭುಜ ಬಿಗಿ ಹಿಡಿದರು. ಸ್ವಲ್ಪ ಹೊತ್ತಿಗೆ ತಲೆ ನನ್ನ ಹೊಟ್ಟೆಗೆ ಒರಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಗೊರಕೆ.

ಸಂಜೆ ಮಗಳಿಗೆ ಗೊತ್ತಾಗಿ ಮನೆಯಲ್ಲಿ ರಂಪ.

"ಅಮ್ಮ, ಯಾರದ್ದೋ ತಲೆಗೆ ಕೇಳ್ದೆ ಮಾಡ್ದೆ ಎಣ್ಣೆ ಹಚ್ಚಿ ಬಂದಿದ್ಯಲ್ಲ! ಇದು ಅಮೆರಿಕ. ಕೇಸ್ ಹಾಕ್ತಾರೆ."

"ಹಾಕ್ಲಿ ಬಿಡು. ಆ ಜಡ್ಜಿಗೂ ತಟ್ಟಿ ಬರ್ತೀನಿ."

"ತಮಾಷೆ ಅಲ್ಲಮ್ಮ."

"ಅಲ್ವೇ, ಹತ್ತು ವರ್ಷ ಡಿಪ್ರೆಶನ್ ಇತ್ತಂತೆ ಆ ಜೀವಕ್ಕೆ. ಇಡೀ ಊರಿಗೇ ಇತ್ತಂತೆ. ನೋಡ್ಕೊಂಡು ಸುಮ್ನಿರ್ಲಾ?"

ಮಗಳು ಸಿಟ್ಟನ್ನು ಮರೆತು ಸೋಫಾದ ಮೇಲೆ ಬಿದ್ದು ನಕ್ಕಳು. ಸದ್ದು ಕೇಳಿ ಅಳಿಯ ಮಹಡಿಯಿಂದ ಇಳಿದು ಬಂದ. ಅವನು ಒಳ್ಳೆಯವನು, ನಗುವನ್ನು ತಡೆದುಕೊಂಡು ವಿವರಿಸಿದ.

"ಅತ್ತೆ, ಅದು ಆ ಡಿಪ್ರೆಶನ್ ಅಲ್ಲ. ಆಗ ದೇಶಕ್ಕೆ ದೇಶವೇ ಬಿದ್ಹೋಗಿತ್ತು. ಬ್ಯಾಂಕ್ ಮುಳುಗ್ತು, ಫ್ಯಾಕ್ಟರಿ ಮುಚ್ಚಿದ್ವು, ಕೆಲಸ ಇಲ್ಲ, ಊಟ ಇಲ್ಲ. ಆರ್ಥಿಕ ಮುಗ್ಗಟ್ಟು ಅಂತಾರಲ್ಲ, ಅದು."

"ತಾಪತ್ರಯ ಅನ್ನು."

"ಹೂಂ... ಅದೇ."

"ಅದಕ್ಕೆ ಇಷ್ಟು ದೊಡ್ಡ ಹೆಸರಾ? ಹಾಗಾದ್ರೆ ನಾನು ಮದುವೆ ಆದಾಗಿಂದ ಡಿಪ್ರೆಶನ್ನಲ್ಲೇ ಇದ್ದೆ. ಯಾರೂ ಹೇಳ್ಲಿಲ್ಲ ಅಷ್ಟೇ."

ಕೇಸೇನೂ ಬರಲಿಲ್ಲ. ಬೆಳಗ್ಗೆ ಬೇಲಿಯ ಹತ್ತಿರ ವಾಕರಿನ ಸದ್ದು ಬಂತು. ದೊಡ್ಡಮ್ಮ ನಿಂತು ತಮ್ಮ ನೆತ್ತಿಯನ್ನು ತಾವೇ ಎರಡು ಸಲ ತಟ್ಟಿಕೊಂಡು, "ಡೋಡಮ್ಮ?" ಎಂದರು.

ಅವತ್ತು ಶನಿವಾರ. ಮೊಮ್ಮಗಳೂ ನನ್ನ ಹಿಂದೆ ಬಂದಳು. ಫೋನನ್ನು ಮನೆಯಲ್ಲೇ ಇಟ್ಟು ಬಾ ಎಂದೆ. ನಾನು ಎಣ್ಣೆ ತಟ್ಟುತ್ತಾ ನಿಂತೆ. ನನಗೆ ಕೈ ಆಡುತ್ತಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಊದುಬತ್ತಿ ಹೊಸೆಯುವಾಗಲೂ ಹಾಗೇ, ಮಣೆಯ ಸುತ್ತ ಕೂತ ಹೆಂಗಸರೆಲ್ಲ ಕೈ ಮಸಿ ಮಾಡಿಕೊಂಡು ಮಾತಾಡುವುದೇ. ನಾನು ನನ್ನ ಲಂಗದ ಕತೆ ಶುರು ಮಾಡಿದೆ, ಮೊಮ್ಮಗಳು ಇಂಗ್ಲಿಷ್ ಮಾಡುತ್ತಾ ಹೋದಳು.

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಅದೂ ಮಧ್ಯಾಹ್ನದ ಉಪ್ಪಿಟ್ಟಿಗಾಗಿ. ಅಮೆರಿಕದಿಂದ ಬಂದ ಗೋಧಿ ನುಚ್ಚು, ಅಮೆರಿಕದಿಂದ ಬಂದ ಹಾಲಿನ ಪುಡಿ. ಆ ಚೀಲಗಳ ಮೇಲೆ ಎರಡು ಕೈ ಕುಲುಕುತ್ತಿರುವ ಚಿತ್ರ ಇರುತ್ತಿತ್ತು. ಖಾಲಿ ಚೀಲವೊಂದನ್ನು ಅಮ್ಮ ಶಾಲೆಯ ಆಯಾಳ ಹತ್ತಿರ ಕೇಳಿ ತಂದು, ಸೋಡ ಹಾಕಿ ಕುದಿಸಿ, ನನಗೆ ಒಳಲಂಗ ಹೊಲಿದಳು. ಎಲ್ಲ ಅಕ್ಷರ ಹೋಯಿತು, ಆ ಕೈ ಮಾತ್ರ ಹೋಗಲಿಲ್ಲ. ಸರಿಯಾಗಿ ಕುಂಡೆಯ ಮೇಲೆ ಬಂದಿತ್ತು. ಮೇಲಿನ ಲಂಗ ತೆಳು, ಒಳಗಿನದೆಲ್ಲ ಕಾಣುತ್ತಿತ್ತು. ನಾನು ಬೀದಿಯಲ್ಲಿ ನಡೆದರೆ ಹಿಂದೆ ಎರಡು ಕೈ ಕುಲುಕುತ್ತಾ ಬರುತ್ತಿದ್ದವು.

ಮೊಮ್ಮಗಳು ಇದನ್ನು ಹೇಳಿ ಮುಗಿಸುವುದರೊಳಗೆ ದೊಡ್ಡಮ್ಮನ ತಲೆ ನನ್ನ ಕೈಯಲ್ಲಿ ಅಲ್ಲಾಡತೊಡಗಿತು. ಅಳುತ್ತಿದ್ದಾರೋ ಏನೋ ಎಂದು ಬಗ್ಗಿ ನೋಡಿದೆ. ಉಸಿರು ಸಿಗದ ಹಾಗೆ ನಗುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು, ತಮ್ಮದೂ ಹಿಟ್ಟಿನ ಚೀಲದ ಚಡ್ಡಿಯೇ ಎಂದರು. ಅವರ ಕುಂಡೆಯ ಮೇಲೆ ಇದ್ದದ್ದು ಬರಹ. ಸೋಡ ಬೆರೆಸಿದ ಹಿಟ್ಟಿನ ಚೀಲವಂತೆ. 'ತಾನಾಗಿಯೇ ಉಬ್ಬುತ್ತದೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತಂತೆ.

ಆಮೇಲೆ ಮಾತು ನಿಲ್ಲಲೇ ಇಲ್ಲ. ಅಂದು ಮಾತ್ರವಲ್ಲ, ಅದರ ಮುಂದಿನ ದಿನಗಳಲ್ಲೂ. ಮೊಮ್ಮಗಳಿಗೆ ನನಗಾಗಿ ಕನ್ನಡ ಮಾಡಬೇಕಾದ ಗತಿ ಬಂತು. "ಅವ್ರ ಮನೇಲಿ ಹಾಸಿಗೆ ತಣ್ಣಗೆ ಆಗೋದೇ ಇಲ್ಲ, ಅಜ್ಜಿ," ಎಂದಳು. ಬಿಡಿಸಿ ಕೇಳಿದರೆ ವಿಷಯ ಇದು: ಅವರಮ್ಮ ಬಂದರಿನ ಕೂಲಿಯವರನ್ನೂ ಹಡಗಿನವರನ್ನೂ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುತ್ತಿದ್ದರು. ಒಂದು ಹಾಸಿಗೆಗೆ ಇಬ್ಬರು. ಹಗಲು ದುಡಿದವನು ರಾತ್ರಿ ಮಲಗುತ್ತಿದ್ದ, ರಾತ್ರಿ ದುಡಿದವನು ಹಗಲು ಮಲಗುತ್ತಿದ್ದ. ದೊಡ್ಡಮ್ಮನ ಕೆಲಸ ಮಧ್ಯದಲ್ಲಿ ದಿಂಬು ಕೊಡವುವುದು. ಆ ದಿಂಬಿಗೆ ಹತ್ತಿಯೂ ಬಂದರಿನದ್ದೇ. ಹಡಗಿಗೆ ಹತ್ತಿಯ ಅಂಡಿಗೆ ಏರಿಸುವಾಗ ಉದುರಿದ್ದನ್ನು ಮಕ್ಕಳು ಆಯ್ದು ತರುತ್ತಿದ್ದರು. ಕೋಳಿಯ ಕುತ್ತಿಗೆಯನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟು ಏಡಿ ಹಿಡಿಯುತ್ತಿದ್ದರು. ರಾತ್ರಿಗೆ ಜೋಳದ ಹಿಟ್ಟಿನ ರೊಟ್ಟಿಯನ್ನು ಮುರಿದು ಮಜ್ಜಿಗೆಯ ಲೋಟಕ್ಕೆ ಹಾಕಿಕೊಂಡು ತಿನ್ನುತ್ತಿದ್ದರು. ಈಗಲೂ ತಿನ್ನುತ್ತಾರೆ. ನನಗೂ ಒಂದು ಲೋಟ ಕೊಟ್ಟರು. ಹಸಿಮೆಣಸಿನಕಾಯಿ ಒಂದು ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಅದನ್ನೂ ಹೇಳಿದೆ.

ಎಲ್ಲಕ್ಕಿಂತ ಒಳ್ಳೆಯದು ಗಿಣಿಯ ಕತೆ.

ಹಡಗು ಬಂದ ದಿನ ಬೆಳಗ್ಗೆ ಗಂಡಸರೆಲ್ಲ ಬಂದರಿನ ಗೇಟಿನ ಮುಂದೆ ನಿಲ್ಲಬೇಕಿತ್ತು. ಮೇಸ್ತ್ರಿ ಒಂದು ಪೆಟ್ಟಿಗೆಯ ಮೇಲೆ ಹತ್ತಿ ಬೆರಳು ತೋರಿಸುತ್ತಿದ್ದ. "ಯೂ! ಯೂ! ಯೂ! ದಟ್ಸ್ ಆಲ್!" ಬೆರಳು ತೋರಿಸಿಕೊಂಡವನಿಗೆ ಅಂದು ಕೆಲಸ. ಉಳಿದವರಿಗೆ, ನಾಳೆ ಗೇಟಿಗೆ ಬನ್ನಿ. ದೊಡ್ಡಮ್ಮನ ಅಪ್ಪ ದಿನಾ ಹೋಗುತ್ತಿದ್ದ. ಕುಳ್ಳ, ಹಿಂದೆ ನಿಂತರೆ ಕಾಣುತ್ತಿರಲಿಲ್ಲ, ಮುಂದೆ ನಿಲ್ಲಲು ದಪ್ಪಗಿದ್ದವರು ಬಿಡುತ್ತಿರಲಿಲ್ಲ. ಇವರ ಮನೆಯಲ್ಲಿ ಊಟಕ್ಕಿದ್ದ ಹಡಗಿನವನೊಬ್ಬ, ಮುಂದಿನ ಸಲ ಬಂದಾಗ ಒಯ್ಯುತ್ತೇನೆ ಎಂದು ಒಂದು ಗಿಣಿಯನ್ನು ಬಿಟ್ಟುಹೋದ. ಬರಲೇ ಇಲ್ಲ. ಮನೆಯ ಜಗಲಿಗೆ ಗೇಟು ಕೂಗಳತೆ. ಗಿಣಿ ಕೇಳಿ ಕೇಳಿ ಮೇಸ್ತ್ರಿಯ ದನಿಯನ್ನೇ ಕಲಿಯಿತು. ಬೆಳಗಿನ ಕತ್ತಲಲ್ಲಿ ಬೀದಿಯಲ್ಲಿ ಹೋಗುವವರಿಗೆ "ಯೂ!" ಅನ್ನುವುದು. ಅವರು ಟೋಪಿ ತೆಗೆದು ತಿರುಗಿ ನೋಡುವುದು, ಆಮೇಲೆ ಗಿಣಿಗೆ ಬೈದುಕೊಂಡು ಹೋಗುವುದು.

ಕೆಲಸ ಸಿಗದ ದಿನ ಅಪ್ಪ ಮನೆಗೆ ಬಂದು, ಪಂಜರದ ಮುಂದೆ ಟೋಪಿ ಸರಿ ಮಾಡಿಕೊಂಡು ಎದೆ ಸೆಟೆಸಿ ನಿಲ್ಲುತ್ತಿದ್ದನಂತೆ. ಗಿಣಿ ಅವನನ್ನು ಒಂದು ಕಣ್ಣಿನಿಂದ ನೋಡಿ, ಆಮೇಲೆ ಇನ್ನೊಂದು ಕಣ್ಣಿನಿಂದ ನೋಡಿ, "ಯೂ!" ಅನ್ನುತ್ತಿತ್ತು. ಅಪ್ಪ "ಯೆಸ್ ಸರ್!" ಎಂದು ಸೆಲ್ಯೂಟ್ ಹೊಡೆದು ಹಿತ್ತಲಿಗೆ ಹೋಗಿ ಅಮ್ಮನಿಗೆ ಸೌದೆ ಒಡೆದುಕೊಡುತ್ತಿದ್ದ. ಮಕ್ಕಳೆಲ್ಲ ಇದನ್ನು ನೋಡಲು ಕಾದಿರುತ್ತಿದ್ದರು. ಅಪ್ಪನಿಗೆ ಕೆಲಸ ಸಿಕ್ಕ ದಿನ ಅವರಿಗೆ ಬೇಜಾರು.

ಈಗ ಫೋನು ತಂದರೂ ದೊಡ್ಡಮ್ಮ ಬೇಡ ಅನ್ನಲಿಲ್ಲ. ಮೊಮ್ಮಗಳು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು ಏನೋ ತಯಾರು ಮಾಡಿದಳು. ಆಸ್ಟಿನ್ನಿಗೆ ಹೋಗಲು ಮೂರು ದಿನ ಇದ್ದಾಗ ಪಕ್ಕದ ಮನೆಗೆ ಲ್ಯಾಪ್‌ಟಾಪ್ ಒಯ್ದು ತೋರಿಸಿದಳು. ನಾನೂ ಇದ್ದೆ. ಪಿಟೀಲು ಕುಯ್ಯೋ ಎಂದು ಶುರುವಾಯಿತು. ಎಲ್ಲಿಂದಲೋ ಇಳಿಸಿಕೊಂಡ ಕಪ್ಪು ಬಿಳುಪು ಫೋಟೋಗಳು. ಕೆನ್ನೆ ಒಣಗಿದವರು, ಮೂಗು ಸೋರುವ ಮಕ್ಕಳು. ಗಿಣಿ ಬರುವ ಜಾಗದಲ್ಲಂತೂ ಪಿಟೀಲು ಎರಡಾದವು.

ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಮ್ಮ ಕೈಯಿಂದಲೇ ಲ್ಯಾಪ್‌ಟಾಪ್ ಮುಚ್ಚಿದರು.

"ಇವ್ರು ಯಾರು ಅಂತ ಕೇಳ್ತಿದಾರೆ," ಎಂದಳು ಮೊಮ್ಮಗಳು ಸಣ್ಣ ದನಿಯಲ್ಲಿ. ಅವರು ಹೇಳುತ್ತಾ ಹೋದರು, ಇವಳು ಕನ್ನಡ ಮಾಡುತ್ತಾ ಹೋದಳು, ಪ್ರತಿ ಮಾತಿಗೂ ಇವಳ ಮುಖ ಇಳಿಯುತ್ತಾ ಹೋಯಿತು. "ನಮ್ಮನೆಯವ್ರು ಯಾರೂ ಇದ್ರಲ್ಲಿ ಇಲ್ವಂತೆ. ವರ್ಷಾ ವರ್ಷಾ ಯಾರಾದ್ರೂ ಬರ್ತಾರಂತೆ. ಮುಂದೆ ಟಿಶ್ಯೂ ಡಬ್ಬ ಇಟ್ಟು ಅಳಲಿ ಅಂತ ಕಾಯ್ತಾರಂತೆ. ಅದಕ್ಕೇ ಯಾರ ಹತ್ರಾನೂ ಮಾತಾಡಲ್ವಂತೆ. ಅವ್ರ ಅಪ್ಪಂಗೆ ಯಾರಾದ್ರೂ ಅಯ್ಯೋ ಅಂದ್ರೆ ಆಗ್ತಾನೇ ಇರ್ಲಿಲ್ವಂತೆ. ಕತೆ ವಾಪಸ್ ಕೊಡು ಅಂತಿದಾರೆ, ಅಜ್ಜಿ."

ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕೂತಳು.

"ಸ್ಯಾಡ್ ಇದ್ರೇನೇ ಪ್ರೈಜ್ ಕೊಡೋದು, ಅಜ್ಜಿ. ಎಲ್ಲಾರೂ ಹಾಗೇ ಮಾಡ್ತಾರೆ."

"ಹಾಗಾದ್ರೆ ಯಾರಾದ್ರೂ ಅಳೋರನ್ನ ಹುಡುಕ್ಕೋ. ಈ ಊರಲ್ಲಿ ಬೇಕಾದಷ್ಟು ಜನ ಸಿಗ್ತಾರೆ."

"ಆದ್ರೆ ಅದು ಸ್ಯಾಡೇ ಅಲ್ವಾ? ಕೆಲ್ಸ ಇಲ್ಲ, ಗಿಣಿ ಹತ್ರ ಹೋಗಿ ನಿಂತ್ಕೊಳ್ತಾರೆ..."

"ನಿಂಗೆ ಹಾಗನ್ಸತ್ತೆ. ನಿಂಗೆ ಅನ್ಸಿದ್ದನ್ನ ಹೇಳಕ್ಕೆ ಅವರ್ಯಾಕೆ ಬೇಕು?"

"ನಾಳೆ ಕ್ಲಾಸಲ್ಲಿ ಏನಂತ ಹೇಳ್ಲಿ? ಆ ಹುಡುಗಿ ನಗ್ತಾಳೆ."

"ನಗ್ಲಿ. ಎದ್ದು ತಟ್ಟೆ ಹಾಕು, ಸಾರು ಆರ್ತಾ ಇದೆ."

ನಾನು ಸಮಾಧಾನ ಹೇಳುವವಳಲ್ಲ. ನನಗೆ ಯಾರೂ ಹೇಳಿರಲಿಲ್ಲ, ಅದರಿಂದ ನನಗೆ ಅಭ್ಯಾಸವಿಲ್ಲ. ಅವಳು ಊಟ ಮಾಡಿ, ಮುಖ ತೊಳೆದುಕೊಂಡು, ತಾನೇ ಬೇಲಿ ದಾಟಿ ಹೋದಳು. ಲ್ಯಾಪ್‌ಟಾಪ್ ಒಯ್ಯಲಿಲ್ಲ. ನಾನು ಪಾತ್ರೆ ತೊಳೆಯುತ್ತಾ ಕಿಟಕಿಯಿಂದ ನೋಡುತ್ತಿದ್ದೆ. ಏನೋ ಕೇಳಿದಳು. ದೊಡ್ಡಮ್ಮ ಮುಖ ತಿರುಗಿಸಿದರು. ಇವಳು ಮತ್ತೆ ಕೇಳಿದಳು. ಆಮೇಲೆ ಆ ಹಿತ್ತಲಿನಿಂದ, ಗಂಟಲು ಕಟ್ಟಿದ ಮೇಸ್ತ್ರಿಯೊಬ್ಬ ಕೂಗಿದ ಹಾಗೆ, "ಯೂ!" ಎಂಬ ದನಿ ಬಂತು. ಅದರ ಹಿಂದೆಯೇ ಸಣ್ಣ ದನಿಯಲ್ಲಿ ಇನ್ನೊಂದು "ಯೂ!" ಮೊದಲಿನದು ಮತ್ತೆ ಬಂತು, ಹಾಗಲ್ಲ, ಹೀಗೆ ಅನ್ನುವಂತೆ. ಗಿಣಿಯ ಹಾಗೆ ಕೂಗುವುದನ್ನು ಕಲಿಸಿಕೊಡಿ ಎಂದು ಕೇಳಿದ್ದಳಂತೆ. ಅಳಿಯ ಮೀಟಿಂಗಿನ ಮಧ್ಯೆ ಮಹಡಿಯ ಕಿಟಕಿ ತೆಗೆದು, "ಅತ್ತೆ, ಯಾರಿಗಾದ್ರೂ ಏನಾದ್ರೂ ಆಯ್ತಾ?" ಎಂದು ಕೇಳಿದ.

ಆಸ್ಟಿನ್ನಿಗೆ ಬೆಳಗ್ಗೆ ಹೊರಟೆವು. ದೊಡ್ಡಮ್ಮ ಬರಲಿಲ್ಲ. ತಾವು ಬಂದು ಮುಂದೆ ಕೂತರೆ ಯಾರಾದರೂ ಟಿಶ್ಯೂ ತರುತ್ತಾರೆ ಎಂದರು. ದಾರಿಯುದ್ದಕ್ಕೂ ಮೊಮ್ಮಗಳು ಹಿಂದಿನ ಸೀಟಿನಲ್ಲಿ "ಯೂ, ಯೂ" ಅನ್ನುತ್ತಲೇ ಇದ್ದಳು. ಡ್ರೈವ್ ಮಾಡುತ್ತಿದ್ದ ಮಗಳು ಒಂದು ಸಲ ಬ್ರೇಕ್ ಹಾಕಿಬಿಟ್ಟಳು.

ಅಲ್ಲಿ ಒಬ್ಬರ ಹಿಂದೆ ಒಬ್ಬರು ಮಕ್ಕಳು ಬಂದರು. ಪರದೆಯ ಮೇಲೆ ಫೋಟೋ, ಹಿಂದೆ ಸಂಗೀತ. ಮುಂದಿನ ಸಾಲಿನ ತಾಯಂದಿರು ಮೂಗು ಒರೆಸಿಕೊಳ್ಳುತ್ತಿದ್ದರು. ನಮ್ಮವಳ ಸರದಿ ಬಂದಾಗ ಪರದೆ ಖಾಲಿ. ತನ್ನ ಅಪ್ಪನ ಟೋಪಿ ಹಾಕಿಕೊಂಡು ಬಂದಳು, ಕಿವಿಯವರೆಗೆ ಇಳಿದಿತ್ತು. ಒಂದು ಕುರ್ಚಿಯ ಮೇಲೆ ಹತ್ತಿದಳು. ಮೂವರು ತೀರ್ಪುಗಾರರ ಕಡೆ ಬೆರಳು ತೋರಿಸಿ, "ಯೂ!" ಎಂದಳು. ಒಬ್ಬರು ಬೆಚ್ಚಿ ಪೆನ್ನು ಬೀಳಿಸಿದರು. "ಯೂ! ದಟ್ಸ್ ಆಲ್!" ಎಂದು ಉಳಿದ ಒಬ್ಬರನ್ನು ಬಿಟ್ಟಳು. ಜನ ನಕ್ಕರು. ಆಮೇಲೆ ಕುರ್ಚಿಯಿಂದ ಇಳಿದು, ಆ ಬಿಟ್ಟ ಒಬ್ಬರು ಮನೆಗೆ ಹೋಗಿ ಏನು ಮಾಡುತ್ತಾರೆ ಎಂದು ಹೇಳತೊಡಗಿದಳು. ಹಾಸಿಗೆ, ಏಡಿ, ತಾನಾಗಿಯೇ ಉಬ್ಬುವ ಚಡ್ಡಿ, ಗಿಣಿ. ಅಪ್ಪ ಸೆಲ್ಯೂಟ್ ಹೊಡೆಯುವಲ್ಲಿ ನಗು ಒಂದು ಕ್ಷಣ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಬಂತು.

ಅವಳು ಬಿಟ್ಟಿದ್ದ ತೀರ್ಪುಗಾರರೇ ಕೊನೆಗೆ ಪ್ರಶ್ನೆ ಕೇಳಿದರು. ಅದು ದುಃಖದ ಕಾಲವಲ್ಲವೇ ಎಂದು. ಮೊಮ್ಮಗಳು, "ಶಿ ಸೇಸ್ ದೆ ವರ್ ಬಿಸಿ," ಎಂದಳು. ನಮ್ಮ ಅಜ್ಜಿ ಅದಕ್ಕೆ ಬೇರೆ ಹೆಸರು ಹೇಳುತ್ತಾರೆ ಎಂದು, ಅಷ್ಟು ಜನರ ಮುಂದೆ ಮೈಕಿನಲ್ಲಿ "ತಾಪತ್ರಯ" ಎಂದಳು. ತ ಮತ್ತು ತ್ರ ಎರಡೂ ಸರಿಯಾಗಿ ಬಂದವು.

ಬಹುಮಾನ ಬರಲಿಲ್ಲ. ಮೊದಲನೆಯದು ಪಿಟೀಲಿಗೆ ಹೋಯಿತು. ಕಾರಿನಲ್ಲಿ ಮೊಮ್ಮಗಳು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಫೋನು ಕಿಣಿ ಅಂದಿತು. ಹಿಂದಿನ ಬೆಂಚಿನ ಹುಡುಗಿ. ಶಾಲೆಯವರು ವಿಡಿಯೋ ಹಾಕಿದ್ದರಂತೆ. ಆ ಮುದುಕಿ ನಿಜವಾಗಿಯೂ ಇದ್ದಾಳಾ, ನೋಡಬಹುದಾ ಎಂದು ಕೇಳಿದ್ದಳು.

ಭಾನುವಾರ ಆ ಹುಡುಗಿ ಬಂದಳು. ದೊಡ್ಡಮ್ಮ ಹಿತ್ತಲಿನ ಕುರ್ಚಿಯಲ್ಲಿ ಕೂತಿದ್ದರು. ಮೊಮ್ಮಗಳು ವಿಡಿಯೋ ತೋರಿಸಿದಳು. ಪೂರ್ತಿ ನೋಡಿ ಫೋನು ವಾಪಸು ಕೊಟ್ಟರು. ಹುಡುಗಿಯರಿಬ್ಬರೂ ಬೇಲಿಯ ಪಕ್ಕ ಸಾಲಾಗಿ ನಿಂತಿದ್ದರು, ಅವರ ಪಕ್ಕದಲ್ಲಿ ಎಣ್ಣೆಯ ಬಟ್ಟಲು ಹಿಡಿದು ನಾನು. ದೊಡ್ಡಮ್ಮ ನಮ್ಮನ್ನು ಒಂದು ಕಣ್ಣಿನಿಂದ ನೋಡಿದರು, ಇನ್ನೊಂದು ಕಣ್ಣಿನಿಂದ ನೋಡಿದರು. ಬೆರಳು ನನ್ನ ಕಡೆ ಬಂತು. "ಯೂ!" ಆಮೇಲೆ ಹೊಸ ಹುಡುಗಿಯ ಕಡೆ. "ಯೂ!" ಅವಳಿಗೆ ತಮ್ಮ ಪಕ್ಕದ ಕುರ್ಚಿ ತೋರಿಸಿದರು. "ದಟ್ಸ್ ಆಲ್."

"ವಾಟ್ ಅಬೌಟ್ ಮೀ?" ಎಂದಳು ನಮ್ಮವಳು.

ನಾಳೆ ಬೆಳಗ್ಗೆ ಗೇಟಿಗೆ ಬಾ ಎಂದರು.

ಮರುದಿನ ನಾನು ಕಾಫಿಗೆ ನೀರಿಟ್ಟು ಕಿಟಕಿಯಿಂದ ನೋಡಿದರೆ, ಶಾಲೆಯ ಚೀಲವನ್ನು ಬೆನ್ನಿಗೇರಿಸಿಕೊಂಡು, ಅಪ್ಪನ ಟೋಪಿಯನ್ನು ಸರಿ ಮಾಡಿಕೊಳ್ಳುತ್ತಾ, ಪಕ್ಕದ ಮನೆಯ ಗೇಟಿನ ಮುಂದೆ ನಿಂತಿದ್ದಳು.